ಆನೆ ಕುದುರೆಯ ಹಾಗೆ ಓಡಲ್ಲ ಅಂತ ಕ್ಲೈಂಟ್‌ಗೆ ಹೇಳುವುದು ಹೇಗೆ?

"ಆನೆ ಇನ್ನೂ ಜೋರಾಗಿ ಓಡಬೇಕು. ನಾಲ್ಕೂ ಕಾಲು ನೆಲ ಬಿಡಲಿ."

ಪ್ರಾಣಿಗಳ ಶಾಟ್ ಮಾಡುವ ಸ್ಟುಡಿಯೋಗೆ ಕ್ಲೈಂಟ್‌ನಿಂದ ಇಂಥ ನೋಟ್, ಅಂದರೆ ತಿದ್ದುಪಡಿಯ ಸೂಚನೆ, ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಸಿನಿಮಾಗಳಿಗೆ ನಾಲ್ಕು ಕಾಲಿನ ಪ್ರಾಣಿಗಳನ್ನು ಅನಿಮೇಟ್ ಮಾಡುವುದು ನನ್ನ ಕೆಲಸ. ಈ ನೋಟ್ ನೋಡಿದ ತಕ್ಷಣ ಹೊಸಬರು ಕುದುರೆಯ ಗ್ಯಾಲಪ್ (ನಾಗಾಲೋಟ) ತಂದು ಆನೆಯ ರಿಗ್‌ಗೆ (ಕಂಪ್ಯೂಟರಿನಲ್ಲಿ ಮೈ ಆಡಿಸುವ ಎಲುಬುಗೂಡಿಗೆ) ಹಾಕುತ್ತಾರೆ. ಕ್ಲೈಂಟ್‌ಗೆ ಅದೂ ಹಿಡಿಸುವುದಿಲ್ಲ. ಯಾಕೆ ಅಂತ ಹೇಳಲು ಅವರಿಗೂ ಬರುವುದಿಲ್ಲ. "ಏನೋ ಹಗುರ ಅನಿಸ್ತಿದೆ" ಅನ್ನುತ್ತಾರೆ, ಅಷ್ಟೇ.

ಆನೆ ಜೋರಾಗಿ ಹೋಗುವಾಗ ಏನು ಮಾಡುತ್ತದೆ ಅನ್ನುವುದನ್ನು ಅಳೆದು ನೋಡಿದವರಿದ್ದಾರೆ. ಪ್ರಾಣಿಗಳ ಚಲನೆ ಅಧ್ಯಯನ ಮಾಡುವ ವಿಜ್ಞಾನಿ ಜಾನ್ ಹಚಿನ್ಸನ್ ಮತ್ತು ಅವರ ಜೊತೆಗಾರರು ಥಾಯ್ಲೆಂಡ್‌ನಲ್ಲಿ ಆನೆಗಳ ಕೀಲುಗಳ ಮೇಲೆ ಬಣ್ಣದ ಚುಕ್ಕೆ ಇಟ್ಟು ವಿಡಿಯೋ ಮಾಡಿದರು. ಅದು 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಆನೆಗಳು ಗಂಟೆಗೆ ಸುಮಾರು 25 ಕಿ.ಮೀ. ವೇಗ ಮುಟ್ಟಿದ್ದವು. ಆ ವೇಗದಲ್ಲೂ ಕಾಲಿಡುವ ಕ್ರಮ ನಡಿಗೆಯದೇ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಲ್ಕೂ ಕಾಲು ಒಟ್ಟಿಗೆ ಗಾಳಿಯಲ್ಲಿರುವ ಗಳಿಗೆಯೇ ಇಲ್ಲ. ಆದರೆ ಹಿಂಭಾಗ ಮಾತ್ರ ಓಡುವ ಪ್ರಾಣಿಯ ಹಾಗೆ ಪುಟಿಯುತ್ತದೆ.

ಇದನ್ನೆಲ್ಲ ಕ್ಲೈಂಟ್‌ಗೆ ಪಾಠ ಮಾಡಿದರೆ ಪ್ರಯೋಜನವಿಲ್ಲ. ನೋಟ್‌ನಲ್ಲಿ ಇರುವುದು ಅವರಿಗೆ ಹೊಳೆದ ಪರಿಹಾರ. ಅವರ ತೊಂದರೆ ಬೇರೆ ಇರುತ್ತದೆ: ಆನೆಯನ್ನು ಕಂಡರೆ ಭಯ ಆಗುತ್ತಿಲ್ಲ. ಹಾಗಾಗಿ ನಾನು ಕಾಲಿನ ಕ್ರಮವನ್ನು ಮುಟ್ಟದೆ ಹೆಜ್ಜೆಗಳನ್ನು ಚುರುಕು ಮಾಡುತ್ತೇನೆ. ಹಿಂಭಾಗದ ಪುಟಿತವನ್ನು ಸ್ವಲ್ಪ ಎತ್ತಿ ತೋರಿಸುತ್ತೇನೆ. ಕ್ಯಾಮೆರಾ ಮೊಣಕಾಲಿನ ಮಟ್ಟಕ್ಕೆ ಇಳಿಸಬಹುದಾ ಅಂತ ಕೇಳುತ್ತೇನೆ. ಕಿವಿ ಅಗಲ, ಸೊಂಡಿಲು ಒಳಕ್ಕೆ, ಪಾದದ ಹತ್ತಿರ ಧೂಳು. ಸಾಮಾನ್ಯವಾಗಿ ಅಷ್ಟಕ್ಕೆ ಒಪ್ಪಿಗೆ ಸಿಗುತ್ತದೆ. ನೆಲ ಬಿಡಿಸಿ ಅಂತ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಆದರೆ 'ಹಗುರ' ಅನ್ನುವ ದೂರಿಗೆ ಧೂಳು ಹಾಕಿದರೆ ಸಾಲದು. ಅದರ ಬೇರು ಕಂಪ್ಯೂಟರ್ ನಡುವಿನ ಫ್ರೇಮ್ ತುಂಬುವ ರೀತಿಯಲ್ಲಿದೆ. ನಾವು ಅಲ್ಲಲ್ಲಿ ಕೀ ಹಾಕುತ್ತೇವೆ, ಅಂದರೆ ಮುಖ್ಯ ಭಂಗಿಗಳನ್ನು ಗುರುತಿಸುತ್ತೇವೆ, ಉಳಿದದ್ದನ್ನು ಅದು ತುಂಬುತ್ತದೆ. ನಾವು ಏನೂ ಹೇಳದಿದ್ದರೆ ಪ್ರತಿ ಕೀಯ ಹತ್ತಿರ ನಿಧಾನವಾಗಿ ಬಂದು, ನಿಧಾನವಾಗಿ ಬಿಡುತ್ತದೆ. ತಲೆ ತಿರುಗಿಸಲು ಅದು ಚೆನ್ನಾಗಿಯೇ ಇದೆ. ಪಾದ ಮಾತ್ರ ಹಾಗಲ್ಲ. ಟನ್‌ಗಟ್ಟಲೆ ಮೈ ಹೊತ್ತ ಪಾದ ವೇಗದಲ್ಲಿ ಬಂದು ನೆಲಕ್ಕೆ ತಾಗಿ ಅಲ್ಲೇ ನಿಲ್ಲಬೇಕು. ಆಮೇಲೂ ಮೈ ಕೆಳಗೆ ಬರುತ್ತಲೇ ಇರಬೇಕು, ಸ್ವಲ್ಪ ಹೊತ್ತಿನ ನಂತರ ಮೇಲೇಳಬೇಕು. ಪಾದ ಮತ್ತು ಸೊಂಟ ಒಂದೇ ಫ್ರೇಮಿನಲ್ಲಿ ನಿಂತರೆ ಮುಗಿಯಿತು, ಬಲೂನ್ ನಡೆದ ಹಾಗೆ ಇರುತ್ತದೆ. ಸ್ಪ್ಲೈನ್‌ಗೆ (ಕೀಗಳ ನಡುವಿನದನ್ನು ಕಂಪ್ಯೂಟರ್ ತುಂಬುವ ಹಂತಕ್ಕೆ) ಹೋದ ತಕ್ಷಣ, ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್ ತೆಗೆದು ಪಾದ ನೆಲ ಮುಟ್ಟುವ ಕೀಗಳನ್ನು ಚೂಪು ಮಾಡಿ ಅಂತ ಹುಡುಗರಿಗೆ ಹೇಳುವುದು ಇದಕ್ಕೇ.

ಗಾತ್ರವೂ ಸಮಯದಲ್ಲೇ ತಿಳಿಯುತ್ತದೆ. ಉದ್ದದ ಲೋಲಕ ನಿಧಾನ ತೂಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ವಾ, ಕಾಲಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಎತ್ತರ ನಾಲ್ಕು ಪಟ್ಟಾದರೆ ಹೆಜ್ಜೆಯ ಸಮಯ ಎರಡು ಪಟ್ಟು. ಸೆಕೆಂಡಿಗೆ 24 ಫ್ರೇಮ್ ಇದ್ದಾಗ ಮನುಷ್ಯನ ಸಾಮಾನ್ಯ ಹೆಜ್ಜೆಗೆ ಸುಮಾರು 12 ಫ್ರೇಮ್ ಬೇಕು. ನಾಲ್ಕು ಪಟ್ಟು ಎತ್ತರದ ರಾಕ್ಷಸನಿಗೆ ಸುಮಾರು 24. ಮೋಕ್ಯಾಪ್ ಸೂಟ್ (ಮೈಯ ಚಲನೆ ದಾಖಲಿಸುವ ಉಡುಪು) ಹಾಕಿದ ನಟನ ಡೇಟಾವನ್ನು ಹಾಗೇ ಹಾಕಿದರೆ ರಾಕ್ಷಸ ಎಷ್ಟು ದೊಡ್ಡದಿದ್ದರೂ ಒಳಗಿರುವವನು ಆರಡಿಯ ಮನುಷ್ಯ ಅಂತ ಗೊತ್ತಾಗಿಬಿಡುತ್ತದೆ. ಹಾಗಂತ ಎಲ್ಲವನ್ನೂ ಎಳೆದು ನಿಧಾನ ಮಾಡಿದರೆ ನಿರ್ದೇಶಕರು ಬೇಸರ ಮಾಡಿಕೊಳ್ಳುತ್ತಾರೆ. ಅಲ್ಲಿ ರಾಜಿ ಬೇಕಾಗುತ್ತದೆ. ನಾನು ಕೈ, ತಲೆಗಳಿಗೆ ರಿಯಾಯಿತಿ ಕೊಡುತ್ತೇನೆ, ಸೊಂಟಕ್ಕೆ ಕೊಡುವುದಿಲ್ಲ.

ಇದನ್ನು ಪರೀಕ್ಷಿಸಲು ನಮ್ಮಲ್ಲಿ ಒಂದು ಅಭ್ಯಾಸವಿದೆ. ಮೈಯನ್ನು ಪೂರ್ತಿ ಅಡಗಿಸಿ, ಕೀಲುಗಳ ಜಾಗದಲ್ಲಿ ಚುಕ್ಕೆಗಳನ್ನಷ್ಟೇ ಬಿಟ್ಟು ಪ್ಲೇಬ್ಲಾಸ್ಟ್ (ಕಚ್ಚಾ ವಿಡಿಯೋ) ತೆಗೆಯುವುದು. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಕತ್ತಲಲ್ಲಿ ನಡೆಯುವವರ ಕೀಲುಗಳ ಹತ್ತಾರು ಚುಕ್ಕೆ ಕಂಡರೆ ಸಾಕು, ನೋಡುವವರು ಅದು ಮನುಷ್ಯನ ನಡಿಗೆ ಅಂತ ಥಟ್ಟನೆ ಗುರುತಿಸಿದರು. ಚುಕ್ಕೆ ನಿಂತಿದ್ದಾಗ ಏನೂ ತಿಳಿಯುತ್ತಿರಲಿಲ್ಲ. ನಮ್ಮ ಚುಕ್ಕೆಗಳಲ್ಲಿ ಆನೆ ಕಾಣದಿದ್ದರೆ ಮೇಲೆ ಎಷ್ಟು ಸುಕ್ಕು, ಕೂದಲು ಹಾಕಿದರೂ ವ್ಯರ್ಥ. ಆ ಶಾಟ್ ಬ್ಲಾಕಿಂಗ್‌ಗೆ, ಅಂದರೆ ಮುಖ್ಯ ಭಂಗಿಗಳನ್ನಷ್ಟೇ ಇಡುವ ಮೊದಲ ಹಂತಕ್ಕೆ, ವಾಪಸ್ ಹೋಗುತ್ತದೆ.

ರೆಫರೆನ್ಸ್ (ನೋಡಿಕೊಂಡು ಅನಿಮೇಟ್ ಮಾಡುವ ಮಾದರಿ) ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಬೇರೆಯವರ ಅನಿಮೇಷನ್, ಆಟಿಕೆ, ಪ್ರತಿಮೆ ಯಾವುದೂ ಬೇಡ. ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ತೇಲುತ್ತದೆ ಅಂತ ಚಿತ್ರಕಾರರು ಬಹಳ ಕಾಲ ಬರೆಯುತ್ತಿದ್ದರು. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ತೆಗೆದಾಗ ಕಂಡದ್ದು ಬೇರೆ. ಕುದುರೆ ನೆಲ ಬಿಡುವುದು ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಸೇರಿದಾಗ. ಅದಾಗಿ ನೂರು ವರ್ಷ ಕಳೆದರೂ, 2009ರ ಒಂದು ಅಧ್ಯಯನದಲ್ಲಿ ವಸ್ತುಸಂಗ್ರಹಾಲಯಗಳಲ್ಲಿ ನಡೆಯುವ ಭಂಗಿಯಲ್ಲಿ ನಿಲ್ಲಿಸಿದ ಪ್ರಾಣಿಗಳಲ್ಲಿ ಸುಮಾರು ಶೇ. 41ರಷ್ಟಕ್ಕೆ ಕಾಲು ತಪ್ಪಾಗಿಯೇ ಇದ್ದವು.

ನಮಗಂತೂ ಜೀವಂತ ಆನೆ ದೂರವಿಲ್ಲ. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆಗಳ ತಾಲೀಮು ನಡೆಯುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗೆ ಮೊದಲು ಬರಿ ಮೈಯಲ್ಲಿ, ಆಮೇಲೆ ಮರಳಿನ ಮೂಟೆ ಹೊತ್ತು, ಆಮೇಲೆ ಮರದ ಅಂಬಾರಿ ಹೊತ್ತು ನಡೆಯುತ್ತವೆ. ಚಿನ್ನದ ಅಂಬಾರಿಯ ತೂಕವೇ 750 ಕೆ.ಜಿ. ಅದೇ ಆನೆ, ಅದೇ ರಸ್ತೆ, ತೂಕ ಮಾತ್ರ ಬೇರೆ. ಅನಿಮೇಟರ್‌ಗೆ ಇನ್ನೇನು ಬೇಕು? ಫೋನ್ ಕೆಳಗೆ ಹಿಡಿದು ಪಕ್ಕದಿಂದ ಪಾದಗಳನ್ನಷ್ಟೇ ತೆಗೆಯಿರಿ, ಮುಖ ಬೇಡ. ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಮುಂಗಾಲು ಬಿಟ್ಟ ಜಾಗದ ಹತ್ತಿರವೇ ಹಿಂಗಾಲು ಬಂದು ಕೂರುತ್ತದೆ. ದೂರ ನಿಂತೇ ತೆಗೆಯಿರಿ, ಮಾವುತರಿಗೆ ತೊಂದರೆ ಕೊಡಬೇಡಿ.

ಇನ್ನು ಸಿಮ್ಯುಲೇಷನ್. ಸ್ನಾಯು, ಕೊಬ್ಬು, ಚರ್ಮದ ಅಲುಗಾಟವನ್ನು ಕ್ರೀಚರ್ ಎಫ್‌ಎಕ್ಸ್ ಎಂಬ ವಿಭಾಗದವರು ನಮ್ಮ ಅನಿಮೇಷನ್ ಮೇಲೆ ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತಾರೆ. ನಾವು ಬಿಟ್ಟದ್ದನ್ನು ಅದು ಸರಿಮಾಡುತ್ತದೆ ಅಂತ ಅನೇಕರು ನಂಬಿದ್ದಾರೆ. ನಡೆಯುವುದು ಉಲ್ಟಾ. ಪಾದ ಒಂದೇ ಒಂದು ಫ್ರೇಮಿನಲ್ಲಿ ಜಿಗಿದಿದ್ದರೆ ನಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಆ ಲೆಕ್ಕ ಹಾಕುವ ಸಾಲ್ವರ್‌ಗೆ ಅದು ಭಾರಿ ಹೊಡೆತ, ಭುಜದ ಚರ್ಮವೆಲ್ಲ ನಡುಗುತ್ತದೆ. ಆ ನಡುಕ ಅಡಗಿಸಲು ಡ್ಯಾಂಪಿಂಗ್ (ಅಲುಗಾಟಕ್ಕೆ ಹಾಕುವ ತಡೆ) ಏರಿಸಿದರೆ ಚರ್ಮ ಸತ್ತ ರಬ್ಬರ್ ಆಗುತ್ತದೆ. ಅದಕ್ಕೇ ಚರ್ಮದ ದೂರು ಬಂದಾಗಲೂ ನಾನು ಮೊದಲು ತೆರೆಯುವುದು ಗ್ರಾಫ್ ಎಡಿಟರ್‌ನಲ್ಲಿರುವ ಪಾದದ ಕರ್ವ್.

ಎತ್ತಿನ ಶಾಟ್ ಬಂದರೆ ಇನ್ನೊಂದು ತಾಪತ್ರಯ. ರೆಡಿಮೇಡ್ ಹಸುವಿನ ರಿಗ್‌ಗಳು ಜಾಸ್ತಿ ಯುರೋಪಿನ ತಳಿಯವು, ಹಿಣಿಲೇ ಇರುವುದಿಲ್ಲ. ಹಳ್ಳಿಕಾರ್ ಎತ್ತು ಬೇಕು ಅಂದಾಗ ಹಿಣಿಲು, ಗಂಗೆದೊಗಲು ಎರಡನ್ನೂ ಹೊಸದಾಗಿ ಸೇರಿಸಬೇಕು. ಮೈ ತಿರುಗಿದ ಮೇಲೆ ಕೆಲವು ಫ್ರೇಮ್ ತಡವಾಗಿ ಅವು ತಿರುಗಬೇಕು. ಆ ಕೆಲಸಕ್ಕೆ ಬಿಡ್‌ನಲ್ಲೇ (ಕೆಲಸಕ್ಕೆ ಮುಂಚೆ ಕೊಡುವ ಅಂದಾಜಿನಲ್ಲೇ) ದಿನ ಕೇಳಿ ಇಟ್ಟುಕೊಳ್ಳಿ. ಆಮೇಲೆ ಕೇಳಿದರೆ ಪ್ರೊಡಕ್ಷನ್‌ನವರು ಕೊಡುವುದಿಲ್ಲ.