ಪುಸ್ತಕಪಟ್ಟಿ ಜಾಲತಾಣ: ಪುಟಗಳನ್ನು ತಾಳೆ ನೋಡುವ ಕೆಲಸ ಎಲ್ಲಿಗೆ ಬಂತು

ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಬಿಡುವಿನಲ್ಲಿ ಕಟ್ಟುತ್ತಿರುವ ಪುಸ್ತಕಪಟ್ಟಿಗೆ ಈಗ ರಿಗ್ರೆಷನ್ ಪರೀಕ್ಷೆ (ಹೊಸ ಬದಲಾವಣೆಯಿಂದ ಹಳೆಯದೇನಾದರೂ ಕೆಟ್ಟಿತೇ ಎಂದು ನೋಡುವುದು) ಒಂದು ಹದಕ್ಕೆ ಬಂದಿದೆ. ಕೋಡ್ ಬದಲಾದಾಗಲೆಲ್ಲ ಸ್ಕ್ರಿಪ್ಟ್ ಮುಖ್ಯ ಪುಟಗಳನ್ನು ತಾನೇ ತೆರೆದು, ಹೊರಬಂದ ಪುಟದ ಮೂಲ ಪಠ್ಯವಾದ ಎಚ್‌ಟಿಎಂಎಲ್ ಅನ್ನು ಹಿಂದೆ ಒಪ್ಪಿಕೊಂಡ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸುತ್ತದೆ. ಈ ಮಾದರಿ ಪ್ರತಿಗಳು ಕೋಡಿನ ಜೊತೆಗೇ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿವೆ.

ತಾವಾಗಿಯೇ ಬದಲಾಗುವ ಭಾಗಗಳನ್ನು ಮೊದಲು ಕಟ್ಟಿಹಾಕಬೇಕಾಯಿತು. ಫಾರ್ಮಿನೊಳಗಿನ ಭದ್ರತಾ ಟೋಕನ್ (ಗುಪ್ತ ಸಂಕೇತ) ಪ್ರತಿ ಸಲವೂ ಹೊಸದು. ಹೋಲಿಸುವ ಮುನ್ನ ಅದರ ಜಾಗದಲ್ಲಿ ಒಂದೇ ಗುರುತು ಇಡುತ್ತೇನೆ. ದಿನಾಂಕವನ್ನು ಮಾತ್ರ ಹಾಗೆ ಮರೆಮಾಡಿಲ್ಲ. ಪರೀಕ್ಷೆಯ ವೇಳೆ ಗಡಿಯಾರವನ್ನೇ 2024ರ ಫೆಬ್ರವರಿ 20ಕ್ಕೆ ನಿಲ್ಲಿಸಿದ್ದೇನೆ. 15 ದಿನಕ್ಕೆ ಎರವಲು ಕೊಟ್ಟ ಪುಸ್ತಕ ಮರಳಬೇಕಾದ ದಿನ ಮಾರ್ಚ್ 6 ಎಂದೇ ಬರಬೇಕು. 7 ಎಂದು ಬಂದರೆ ಅಧಿಕ ವರ್ಷದ ಲೆಕ್ಕ ತಪ್ಪಿದೆ ಎಂದರ್ಥ.

ಹೆಚ್ಚು ಹೊತ್ತು ಹಿಡಿದದ್ದು ಕನ್ನಡ ಪಠ್ಯ. ಶೀರ್ಷಿಕೆಗಳಲ್ಲಿ ನುಸುಳುವ ಹೆಚ್ಚುವರಿ ಖಾಲಿ ಜಾಗ ತೆಗೆಯಲು ಬರೆದ ಹೊಸ ಕೋಡ್, ಕಣ್ಣಿಗೆ ಕಾಣದ ಎಲ್ಲ ಅಕ್ಷರಗಳನ್ನೂ ಒರೆಸಿಹಾಕುತ್ತಿತ್ತು. ಕನ್ನಡದಲ್ಲಿ ಅವುಗಳಲ್ಲಿ ಎರಡು ಬೇಕೇ ಬೇಕು: ಒತ್ತಕ್ಷರ ಮೂಡುವ ರೀತಿ ಬದಲಿಸುವ ಕೂಡಿಸುವ ಅಕ್ಷರ (ZWJ), ಒತ್ತಾಗದಂತೆ ಬಿಡಿಸುವ ಅಕ್ಷರ (ZWNJ). ಅದರಿಂದ "ರ‍್ಯಾಂಕ್" ಹೋಗಿ "ರ್ಯಾಂಕ್" ಆಯಿತು, "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಯಿತು. ಪರೀಕ್ಷೆ ಅದನ್ನು ತಕ್ಷಣ ಹಿಡಿಯಿತು. ಆದರೆ ಫಲಿತಾಂಶ ತೋರಿಸುವ ಟರ್ಮಿನಲ್‌ನಲ್ಲಿ ಹಳೆಯ ಸಾಲಿಗೂ ಹೊಸ ಸಾಲಿಗೂ ಏನು ವ್ಯತ್ಯಾಸ ಎಂಬುದೇ ಕಾಣುತ್ತಿರಲಿಲ್ಲ. ಈಗ ಪ್ರತಿ ಉಳಿಸುವಾಗಲೇ ಆ ಎರಡು ಅದೃಶ್ಯ ಅಕ್ಷರಗಳ ಜಾಗದಲ್ಲಿ [ಕೂಡು], [ಬಿಡು] ಎಂದು ಬರೆಸುತ್ತೇನೆ. ಒತ್ತಕ್ಷರ ಎಲ್ಲಿ ಕೆಟ್ಟಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

"ಕೋಲಾರ" ಪದದ್ದು ಇನ್ನೊಂದು ಬಗೆ. ಅದರ ಓತ್ವವನ್ನು, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದರೆ ಪರೀಕ್ಷೆಗಳೆಲ್ಲ ಹಸಿರಾಗುತ್ತವೆ (ತೇರ್ಗಡೆಯಾಗುತ್ತವೆ), ಓದುಗರಿಗೆ ಪುಸ್ತಕ ಮಾತ್ರ ಸಿಗುವುದಿಲ್ಲ. ಆದ್ದರಿಂದ ಆ ಕೆಲಸ ಪರೀಕ್ಷೆಯೊಳಗೆ ಬೇಡ, ಪುಸ್ತಕದ ವಿವರ ದಾಖಲಾಗುವ ಕಡೆಯೇ ಆಗಬೇಕು ಎಂದು ನಿರ್ಧರಿಸಿ ಅಲ್ಲೇ ಸೇರಿಸಿದ್ದೇನೆ.

ಅಕಾರಾದಿಯೂ ಮಾದರಿ ಪ್ರತಿಯೊಳಗೆ ಬಂದಿದೆ. ಯೂನಿಕೋಡ್ ಕೋಷ್ಟಕದಲ್ಲಿ "ಳ" ಇರುವುದು "ಲ" ಪಕ್ಕದಲ್ಲಿ. ನಮ್ಮ ವರ್ಣಮಾಲೆಯಲ್ಲಿ "ಹ" ಆದ ಮೇಲೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ "ಬಳಕೆ" ಎಂಬುದು "ಬಸವ"ಕ್ಕಿಂತ ಮುಂದೆ ಬಂದು ಕೂರುತ್ತದೆ. ಈ ಎರಡೂ ಪದಗಳಿಂದ ಶುರುವಾಗುವ ಶೀರ್ಷಿಕೆಗಳನ್ನು ಪರೀಕ್ಷೆಯ ದತ್ತಾಂಶದಲ್ಲಿ ಬೇಕೆಂದೇ ಇಟ್ಟಿದ್ದೇನೆ.

ಪಠ್ಯದ ಹೋಲಿಕೆಗೆ ಕಾಣದ ದೋಷಗಳೂ ಇವೆ. ಶೀರ್ಷಿಕೆಯ ಸಾಲಿನ ಎತ್ತರ ತುಸು ತಗ್ಗಿಸಿದೊಡನೆ "ರಾಷ್ಟ್ರ" ಪದದ ಕೆಳಗಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋದವು. ಎಚ್‌ಟಿಎಂಎಲ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಇದಕ್ಕಾಗಿ ಬ್ರೌಸರನ್ನು ತಾನೇ ನಡೆಸುವ ಸಾಧನವಾದ ಪ್ಲೇರೈಟ್‌ನಿಂದ ಪುಟದ ಚಿತ್ರ ತೆಗೆದು ಪಿಕ್ಸೆಲ್ ಮಟ್ಟದಲ್ಲಿ ಹೋಲಿಸುತ್ತಿದ್ದೇನೆ. ಕಂಪ್ಯೂಟರ್ ಬದಲಾದರೆ ಅಕ್ಷರ ಮೂಡುವ ರೀತಿಯೂ ಬದಲಾಗುತ್ತದೆ. ಹೀಗಾಗಿ ಚಿತ್ರದ ಪರೀಕ್ಷೆ ನಡೆಯುವುದು ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ, ಯಾವ ಕಂಪ್ಯೂಟರಿನಲ್ಲೂ ಒಂದೇ ಪರಿಸರ ಕೊಡುವ ಒಂದೇ ಡಾಕರ್ ಕಂಟೇನರ್‌ನಲ್ಲಿ. ಫಾಂಟ್ ಪೂರ್ತಿ ಬಂದಿಳಿಯುವವರೆಗೆ ಕಾದು ನಂತರವೇ ಚಿತ್ರ ತೆಗೆಯಬೇಕು, ಇಲ್ಲದಿದ್ದರೆ ಫಲಿತಾಂಶ ಸಲಕ್ಕೊಂದು ಬಗೆ.

ಮಾದರಿಗಳನ್ನು ಒಟ್ಟಿಗೇ ನವೀಕರಿಸುವ ಆದೇಶವನ್ನು ಸ್ವಯಂಚಾಲಿತ ಹಂತದಲ್ಲಿ ಸೇರಿಸಿಲ್ಲ, ಸೇರಿಸುವುದೂ ಇಲ್ಲ. ಬದಲಾದ ಪ್ರತಿಯೊಂದು ಪುಟವನ್ನೂ ಯಾರಾದರೂ ಕಣ್ಣಾರೆ ನೋಡಿಯೇ ಒಪ್ಪಬೇಕು.

ಮೊಬೈಲ್ ಅಗಲದ ಚಿತ್ರಗಳು ಇನ್ನೂ ಬಾಕಿ. ಎರವಲು ಚೀಟಿಯ ಮುದ್ರಣ ಪುಟಕ್ಕೆ ಪರೀಕ್ಷೆ ಬರೆಯುವುದು ಅದರ ನಂತರದ ಕೆಲಸ.