ಎಲ್ಲಾ ಎಐ ಮಾಡುತ್ತಂತಲ್ಲ, ನಿಮಗೆ ಕಮಿಷನ್ ಯಾಕೆ?

ನಾನು ಮನೆ ಬ್ರೋಕರ್. ನೋಡಲು ಬಂದವರಿಗೆ ಮನೆ ತೋರಿಸಿ ಮುಗಿದು, ಬೀಗ ಹಾಕಿ, ಅವರು ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ. "ಸರ್, ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಗ ಎಲ್ಲಾ ಎಐ ಮಾಡುತ್ತಂತಲ್ಲ, ನಿಮಗೆ ಇನ್ನೇನು ಕೆಲಸ?"

ಸುಮ್ನೆ ಕೇಳ್ತೀನಿ ಅನ್ನುವವರು ಯಾರೂ ಸುಮ್ನೆ ಕೇಳುವುದಿಲ್ಲ. ಮುಂದಿನ ಮಾತು ಕಮಿಷನ್ನಿನದು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಮೊದಮೊದಲು ನಗುತ್ತಾ ಉತ್ತರ ಹೇಳುತ್ತಿದ್ದೆ. ಈಗ ನಗು ಬರುತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಹೌದು, ಬಳಸುತ್ತೇನೆ. ದಿನಾ ಬಳಸುತ್ತೇನೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು, ಅದರ ಬೆನ್ನಿಗೇ ಇನ್ನೂ ಹಲವು ಬಂದವು, ಅವುಗಳಲ್ಲೊಂದು ನನ್ನ ಫೋನನ್ನೂ ಸೇರಿತು. ಯಾವುದು ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ಲೇಖನ ಬರೆಯುವ ಶಕ್ತಿ ಇಲ್ಲ. ಅದಕ್ಕೆ ಮುಂಚೆ ರಾತ್ರಿ ಕೂತು ಜಾಹೀರಾತು ಬರೆಯುತ್ತಿದ್ದೆ. ಮೂರು ಬೆಡ್‌ರೂಮ್, ಒಳ್ಳೆ ಗಾಳಿ ಬೆಳಕು, ಆಸಕ್ತರು ಸಂಪರ್ಕಿಸಿ. 10 ವರ್ಷ ಅದೇ ಸಾಲು, ಬೆಡ್‌ರೂಮಿನ ಲೆಕ್ಕ ಮಾತ್ರ ಬೇರೆ. ಈಗ ಕಾರಿನಲ್ಲಿ ಕೂತು ಬಾಯಲ್ಲಿ ಹೇಳುತ್ತೇನೆ, ಅದು ಬರೆದುಕೊಡುತ್ತದೆ. ಯಾರು ಯಾವತ್ತು ಯಾವ ಮನೆ ನೋಡಬೇಕು ಅಂತ ಹೊಂದಿಸಿಕೊಡುತ್ತದೆ. 40 ಪುಟದ ಕರಾರಿನಲ್ಲಿ ದಂಡದ ಷರತ್ತು ಎಲ್ಲಿದೆ ಅಂತ ತೋರಿಸುತ್ತದೆ. ತೋರಿಸಿದ ಮೇಲೆ ಆ ಪುಟವನ್ನು ನಾನೇ ಓದುತ್ತೇನೆ, ಯಾಕಂದರೆ ಇಲ್ಲದ ಷರತ್ತನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳಬಲ್ಲದು. "ಈ ವಾರ ಹೇಳ್ತೀನಿ" ಅಂದು ಮಾಯವಾದವರಿಗೆ ಮೂರನೇ ಸಲ ಮರ್ಯಾದೆಯಿಂದ ನೆನಪಿಸುವ ಕೆಲಸವನ್ನಂತೂ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ನನ್ನ ಹತ್ತಿರ ಅಷ್ಟು ಮರ್ಯಾದೆ ಉಳಿದಿಲ್ಲ.

ಇನ್ನು ಕೆಲವರು "ರೇಟೂ ಅದನ್ನೇ ಕೇಳಿಬಿಡಿ" ಅನ್ನುತ್ತಾರೆ. ಅಮೆರಿಕದ ಝಿಲ್ಲೋ ಕಂಪನಿ ಹೀಗೇ ಕಂಪ್ಯೂಟರ್ ಅಂದಾಜು ನಂಬಿಕೊಂಡು ತಾನೇ ಮನೆ ಕೊಂಡು ಮಾರಲು ಹೊರಟಿತ್ತು. 2021ರ ನವೆಂಬರ್‌ನಲ್ಲಿ ಆ ವ್ಯಾಪಾರ ಮುಚ್ಚುತ್ತೇವೆ ಅಂತು. ಮೂರೇ ತಿಂಗಳ ಲೆಕ್ಕದಲ್ಲಿ, ಕೊಂಡ ಮನೆಗಳ ಮೇಲೆ 30 ಕೋಟಿ ಡಾಲರ್‌ಗಿಂತ ಜಾಸ್ತಿ ನಷ್ಟ ಬರೆದುಕೊಂಡಿತು. ಅದು ಬೇರೆ ಥರದ ಯಂತ್ರ, ಒಪ್ಪುತ್ತೇನೆ. ಹಳೆಯ ಮಾರಾಟಗಳನ್ನು ನೋಡಿ ಲೆಕ್ಕ ಹಾಕುವಂಥದ್ದು. ನನ್ನ ಫೋನಿನಲ್ಲಿರುವುದು ಮುಂದಿನ ಪದ ಯಾವುದಿರಬಹುದು ಅಂತ ಊಹಿಸುತ್ತಾ ವಾಕ್ಯ ಕಟ್ಟುವಂಥದ್ದು. ಲೆಕ್ಕ ಹಾಕಲೆಂದೇ ಮಾಡಿದ್ದು ಹಾಗೆ ಮುಗ್ಗರಿಸಿತು. ನೀವು ಮಾತಾಡಲೆಂದು ಮಾಡಿದ್ದರ ಹತ್ತಿರ ರೇಟು ಕೇಳಿ ಅನ್ನುತ್ತೀರಲ್ಲ!

ಹೋಗಲಿ. ನನಗೆ ನಿಜವಾಗಿ ಆಶ್ಚರ್ಯ ಆಗುವುದು ಬೇರೆ. ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ, "ನಮ್ಮ ವಿಷಯ ಅದಕ್ಕೆ ಏನೇನು ಹೇಳ್ತೀರಿ?" ಅಂತ ಒಬ್ಬರೂ ಕೇಳಿಲ್ಲ. ತಪ್ಪಾಯಿತು, ಒಬ್ಬರು ಕೇಳಿದ್ದಾರೆ. ಅದೂ ನಾನು ಎಡವಟ್ಟು ಮಾಡಿಕೊಂಡ ಮೇಲೆ.

ವಯಸ್ಸಾದ ಹೆಂಗಸು. ಮನೆ ಮಾರಲು ಕೊಟ್ಟಿದ್ದರು. ಮಗನ ಸಾಲ ತೀರಿಸಬೇಕಿತ್ತು, ಅದೂ ತಿಂಗಳೊಳಗೆ. ಅದನ್ನು ಹೇಳುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ್ದರು. ಆಮೇಲೆ ಮನೆ ಸುತ್ತಿ ನೋಡಿದೆ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆ ಮಲಗುವ ಕೋಣೆಯ ಕಡೆಗೆ ಮೊಣಕಾಲೆತ್ತರ ತೇವ ಹಿಡಿದಿತ್ತು. ಅದಕ್ಕೆ ಅಡ್ಡ ಒಂದು ಬೀರು. ಸಂದಿಯಲ್ಲಿ ಕೈ ಹಾಕಿ ಸವರಿದರೆ ಸುಣ್ಣಬಣ್ಣ ಪುಡಿಪುಡಿಯಾಗಿ ಬೆರಳಿಗೆ ಬಂತು. ಕಾರಿಗೆ ಬಂದವನೇ ಎಂದಿನ ಹಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಫೋನಿಗೆ ಒದರಿದೆ. ಕೋಣೆ ಎಷ್ಟು, ಕಿಟಕಿ ಯಾವ ಕಡೆ, ತೇವ ಎಲ್ಲಿ, ಸಾಲ ಯಾರದು. ವಾರ ಬಿಟ್ಟು ಒಬ್ಬರು ವಿವರ ಕೇಳಿದಾಗ ಅದೇ ಚಾಟ್ ತೆರೆದು, ಈ ಮನೆ ಬಗ್ಗೆ ಅವರಿಗೊಂದು ಒಳ್ಳೆ ಪತ್ರ ಬರೆದುಕೊಡು ಅಂದೆ.

ಸೊಗಸಾದ ಪತ್ರ ಬಂತು. ತೇವದ ಗೋಡೆಯ ಕೋಣೆ "ನಿಮ್ಮ ಅಭಿರುಚಿಗೆ ತಕ್ಕಂತೆ ನವೀಕರಿಸಿಕೊಳ್ಳಲು ಅವಕಾಶವಿರುವ" ಕೋಣೆಯಾಗಿತ್ತು. ಮೊದಲ ಎರಡು ಪ್ಯಾರಾ ಓದಿ, ಚೆನ್ನಾಗಿದೆ ಅಂದುಕೊಂಡು ಇನ್ನೇನು ಕಳಿಸಬೇಕು, ಯಾರದೋ ಕರೆ ಬಂತು. ಕರೆ ಮುಗಿಸಿ ನೋಡಿದರೆ ಪರದೆಯ ಮೇಲೆ ಕೊನೆಯ ಸಾಲು ನಿಂತಿತ್ತು: "ಕುಟುಂಬದ ಸಾಲದ ಕಾರಣ ಮಾಲೀಕರು ತಿಂಗಳೊಳಗೆ ಮಾರಬೇಕಿರುವುದರಿಂದ ಬೆಲೆಯ ಬಗ್ಗೆ ಮುಕ್ತವಾಗಿ ಮಾತನಾಡಬಹುದು."

ಅದು ಸುಳ್ಳೇನೂ ಬರೆದಿರಲಿಲ್ಲ. ಎಲ್ಲಾ ನಾನೇ ಹೇಳಿದ್ದು. ತೇವದ ವಿಷಯ ಕೊಳ್ಳುವವರಿಗೆ ತಿಳಿಯಲೇಬೇಕು, ಅದನ್ನು ನಯವಾಗಿ ಮುಚ್ಚಿತ್ತು. ಸಾಲದ ವಿಷಯ ತಿಳಿದರೆ ಯಾರಾದರೂ ರೇಟು ಹಿಂಡಿಬಿಡುತ್ತಾರೆ, ಅದನ್ನು ಬಿಚ್ಚಿಟ್ಟಿತ್ತು. ಈ ಕಸುಬಿಗೆ ನಿನ್ನೆ ಬಂದ ಹುಡುಗನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ಆಯಮ್ಮ ದನಿ ತಗ್ಗಿಸಿದ್ದನ್ನು ಅವನು ಕೇಳಿಸಿಕೊಂಡಿರುತ್ತಾನೆ. ನಾನು ಫೋನಿಗೆ ಹೇಳುವಾಗ ದನಿ ತಗ್ಗಿಸಿರಲಿಲ್ಲ.

ಮಾರನೇ ದಿನ ಹೋಗಿ ಹೇಳಿದೆ. ಪತ್ರ ಹೋಗಿರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು. ಅವರು ಬೈಯಲಿಲ್ಲ. "ಅದರೊಳಗೆ ನನ್ನ ವಿಷಯ ಇನ್ನೂ ಏನೇನಿದೆ?" ಅಂದರು. ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರು. ನಾನು ಬೆರಳಲ್ಲಿ ಸರಿಸುತ್ತಾ ಓದಿದೆ. ಮಗನ ಹೆಸರು. ಬ್ಯಾಂಕಿನ ಹೆಸರು. ಅವರು ಇಳಿಯಲು ಒಪ್ಪಿದ್ದ ಕೊನೆಯ ರೇಟು. ಹಗಲು ಮನೆಯಲ್ಲಿ ಒಬ್ಬರೇ ಇರುತ್ತಾರೆ ಅನ್ನುವುದು. ಇನ್ನೊಂದು ಬೀಗದಕೈ ಯಾರ ಮನೆಯಲ್ಲಿದೆ ಅನ್ನುವುದು. ಓದುತ್ತಾ ಹೋದಂತೆ ನನ್ನ ಕಿವಿ ಬಿಸಿಯಾಯಿತು.

ಅವರ ಎದುರಿಗೇ ಅಳಿಸಿದೆ. "ಪೂರ್ತಿ ಹೋಯ್ತಾ?" ಅಂದರು. ನನ್ನ ಫೋನಿನಿಂದ ಹೋಯಿತು ಅಮ್ಮ, ಕಂಪನಿಯವರ ಕಂಪ್ಯೂಟರಿನಿಂದ ಹೋಗಲು ಇನ್ನೂ ದಿನ ಹಿಡಿಯಬಹುದು ಅಂದೆ. ನಾನು ಹೇಳಿದ್ದನ್ನು ಅದರ ಕಲಿಕೆಗೆ ಬಳಸಬೇಡಿ ಅನ್ನಲು ಒಂದು ಸೆಟ್ಟಿಂಗ್ ಇದೆ. ಅದನ್ನು ಆವತ್ತಿನವರೆಗೆ ತೆರೆದೂ ನೋಡಿರಲಿಲ್ಲ. ಈ ಕೊನೆಯ ವಿಷಯ ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಈಗ ಜೇಬಿನಲ್ಲಿ ಒಂದು ಪುಟ್ಟ ಡೈರಿ ಇರುತ್ತದೆ. ಅಳತೆ, ಕಿಟಕಿ, ಗೋಡೆ ಎಲ್ಲಾ ಫೋನಿಗೆ. ಜನರ ವಿಷಯ ಡೈರಿಗೆ. ನನ್ನ ಅಕ್ಷರ ನನಗೇ ಸರಿಯಾಗಿ ತಿಳಿಯುವುದಿಲ್ಲ, ಅದೂ ಒಂಥರಾ ಬೀಗವೇ.

ಆ ಮನೆ ಮಾರಾಟವಾಯಿತು. ಕೊಳ್ಳುವವರಿಗೆ ತೇವ ತೋರಿಸಿಯೇ ಮಾರಿದೆವು. ಬೀರು ಸರಿಸಿದ್ದು ನಾನು, ಒಬ್ಬನೇ. ಕಮಿಷನ್ ಯಾಕೆ ಅಂತ ಕೇಳಿದಿರಲ್ಲ, ಆ ಬೀರು ಹಗುರವೇನೂ ಇರಲಿಲ್ಲ.