ಹೂಮಳೆಗೆ ಕಾದು ಕೂತ ಮೊಗ್ಗು

ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ರೊಬಸ್ಟಾ ಕಾಫಿ ತೋಟಕ್ಕೆ ಹೋದರೆ ಎಲೆಗಳು ಸೊರಗಿ ಜೋತುಬಿದ್ದಿರುತ್ತವೆ. ಕಾಲಡಿಯ ತರಗೆಲೆ ಹಪ್ಪಳದಂತೆ ಪುಡಿಯಾಗುತ್ತದೆ. ಪೇಟೆಯಿಂದ ಬಂದ ನೆಂಟರು ‘ಗಿಡ ಒಣಗುತ್ತಿದೆಯಲ್ಲ, ಇಷ್ಟು ದಿನ ನೀರು ಕೊಡದೆ ಯಾಕೆ ಬಿಟ್ಟಿರಿ?’ ಎಂದು ಕೇಳುವುದುಂಟು. ಆಗ ನಾನು ಒಂದು ಕೊಂಬೆಯನ್ನು ಬಗ್ಗಿಸಿ, ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟೇ ಉದ್ದವಾಗಿ ಗುಂಪುಗೂಡಿರುವ ಹಸಿರು ಮೊಗ್ಗುಗಳನ್ನು ತೋರಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಮೂಡಿದ ಈ ಮೊಗ್ಗುಗಳು ಸ್ವಲ್ಪ ಬೆಳೆದು, ಬೇಸಿಗೆ ಬಿಗಿಯಾಗುತ್ತಿದ್ದಂತೆ ಇದ್ದಲ್ಲೇ ನಿಂತುಬಿಡುತ್ತವೆ. ಅವು ಸತ್ತಿರುವುದಿಲ್ಲ, ಬೆಳೆಯುತ್ತಲೂ ಇರುವುದಿಲ್ಲ.

ಅವುಗಳನ್ನು ಎಬ್ಬಿಸುವುದು ಹೂಮಳೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಒಂದು ಸಂಜೆ ಗುಡುಗಿ, ಒಂದು ಇಂಚಿನಷ್ಟು ಮಳೆ ಸುರಿದರೆ, ಒಂಬತ್ತು ಹತ್ತು ದಿನಗಳಲ್ಲಿ ಇಡೀ ತೋಟ ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ. ನೀರು ಸಿಕ್ಕಿದ್ದರಿಂದ ಗಿಡ ಅರಳಿತು ಎಂದು ಬಹಳ ಕಾಲ ನಾನೂ ನಂಬಿದ್ದೆ. ಅದು ಅರ್ಧ ಮಾತ್ರ ನಿಜ. ಬ್ರೆಜಿಲ್‌ನ ಸಸ್ಯವಿಜ್ಞಾನಿ ಪಾವ್ಲೊ ಆಲ್ವಿಮ್ 1960ರಲ್ಲಿ ತೋರಿಸಿಕೊಟ್ಟಂತೆ, ಕಾಫಿಯ ಮೊಗ್ಗಿಗೆ ಮೊದಲು ನೀರಿನ ಬರ ತಟ್ಟಬೇಕು, ಆಮೇಲೆ ನೀರು ಸಿಗಬೇಕು. ಬುಡ ಸದಾ ತೇವವಾಗಿಯೇ ಇದ್ದರೆ ಮೊಗ್ಗು ನಿದ್ದೆಯಿಂದ ಏಳುವುದಿಲ್ಲ. ಅಂದರೆ ನೆಂಟರು ಮರುಗುವ ಆ ಸೊರಗಿದ ಎಲೆಗಳೇ ಹೂವಿನ ಸಿದ್ಧತೆ. ಮಳೆಯ ಜೊತೆ ಗಾಳಿ ದಿಢೀರನೆ ತಂಪಾಗುವುದೂ ಮೊಗ್ಗನ್ನು ಎಬ್ಬಿಸಲು ನೆರವಾಗುತ್ತದೆ.

ಮಳೆಯ ಪ್ರಮಾಣದ ಬಗ್ಗೆ ಮೊಗ್ಗು ಬಲು ನಿಷ್ಠುರ. ಒಂದು ವರ್ಷ ಕಾಲಿಂಚು ಹನಿದು ಮೋಡ ಚದುರಿಹೋಯಿತು. ಮೊಗ್ಗು ಎದ್ದದ್ದೇನೋ ಹೌದು, ಆದರೆ ಪುಟ್ಟ ಮೇಣದ ಬತ್ತಿಯಂತೆ ನೀಳವಾಗುವ ಮೊದಲೇ ಬಿಸಿಲಿಗೆ ಸಿಕ್ಕಿ ನಸುಗೆಂಪಾಗಿ, ಅರ್ಧ ಬಿರಿದ ನಕ್ಷತ್ರದಂತೆ ಮುರುಟಿ ನಿಂತಿತು. ಅಂಥ ಹೂವಿನಲ್ಲಿ ಕಾಯಿ ಕಟ್ಟುವುದು ಅಪರೂಪ. ಆ ವರ್ಷದಿಂದ ನಾವೂ ಆಕಾಶವನ್ನು ನಂಬಿ ಕೂರದೆ ಸ್ಪ್ರಿಂಕ್ಲರ್ ಹಾಕುತ್ತಿದ್ದೇವೆ; ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು, ಕೆರೆಯ ಮಟ್ಟ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಹೂವು ಬಿರಿದ ಮೇಲೆ ಸರದಿ ಜೇನಿನದು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಷ್ಟು ಹೊತ್ತು ತರುತ್ತದೆ, ಉಳಿದದ್ದು ಹೆಜ್ಜೇನು ಮತ್ತು ತುಡುವೆಯ ಕೆಲಸ. ವರ್ಷವಿಡೀ ಒಂದೇ ಕಡೆ ನಿಲ್ಲದೆ ಹೂವಿನ ಜಾಡು ಹಿಡಿದು ವಲಸೆ ಹೋಗುವ ಹೆಜ್ಜೇನು ಈ ದಿನಗಳಲ್ಲಿ ನಮ್ಮ ಸುತ್ತಿನ ಎತ್ತರದ ಮರಗಳಲ್ಲಿ ಹುಟ್ಟು ಕಟ್ಟಿರುತ್ತದೆ. ಅರಳಿದ ಬೆಳಗ್ಗೆ ತೋಟದ ನಡುವೆ ನಿಂತರೆ ಪಕ್ಕದವರ ಮಾತೂ ಸರಿಯಾಗಿ ಕೇಳಿಸದಷ್ಟು ಝೇಂಕಾರ. ಎರಡು ಮೂರು ದಿನಗಳಲ್ಲಿ ಹೂವು ಕಂದಿದರೆ ಸದ್ದೂ ಅಡಗುತ್ತದೆ, ಜೇನು ಆಗಲೇ ಪಕ್ಕದ ತೋಟದಲ್ಲಿರುತ್ತದೆ.

ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದು ಜನವರಿಯಲ್ಲಿ ಮಳೆ ಬಿದ್ದಾಗ. ಹಿಂದೊಮ್ಮೆ ಹಾಗಾಯಿತು: ಕೊಯ್ಲು ಅರ್ಧವೂ ಮುಗಿದಿರಲಿಲ್ಲ, ಕಣದಲ್ಲಿ ಹಾಕಿದ್ದ ಕಾಫಿಗೆ ಟಾರ್ಪಾಲು ಹೊದಿಸಲು ಓಡಿದ್ದೆವು. ಹತ್ತು ದಿನ ಕಳೆದು ಕೊಯ್ಲಿಗೆ ಹೋದ ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತುಬಿಟ್ಟರು. ಒಂದೇ ಕೊಂಬೆಯ ಬುಡದಲ್ಲಿ ಕಳಿತ ಕೆಂಪು ಹಣ್ಣು, ತುದಿಯಲ್ಲಿ ಬಿಳಿ ಹೂವು. ಹಣ್ಣು ಬಿಡಿಸಲು ಕೈ ಹಾಕಿದರೆ ಹೂವು ಉದುರುತ್ತಿತ್ತು, ಹೂವಿನ ಮೇಲೆ ಜೇನು ಕೂತಿತ್ತು.